ಮೇಷ್ಟ್ರು ಬಾಯಿ ಬಿಡದ ಆಟ

ಡ್ರೈವಿಂಗ್ ಕಲಿಸುವ ಮೇಷ್ಟ್ರು ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಜೀವಮಾನವೆಲ್ಲ ಪಕ್ಕದ ಸೀಟಿನಲ್ಲಿ ಕೂತು ಊರಿನವರ ತಪ್ಪು ಹುಡುಕಿದವರಿಗೆ ಬೇರೆ ಇನ್ನೇನು ಬಂದೀತು, ಪಾಪ!

ಇಂಥವರು ಒಂದು ಆಟ ಕಟ್ಟಿದ್ದರು. ರಟ್ಟಿನ ಮೇಲೆ ಬೀದಿಗಳು, ಅಂಗಿಯ ಗುಂಡಿಗಳೇ ಟ್ಯಾಕ್ಸಿಗಳು. ಪ್ರಯಾಣಿಕರನ್ನು ಮೊದಲು ಸ್ಟೇಷನ್ನಿಗೆ ಮುಟ್ಟಿಸಿದವರು ಗೆದ್ದಂತೆ. ಗೆಳೆಯರನ್ನು ಕರೆದು ಆಡಿಸಿ ನೋಡಿದಾಗಲೆಲ್ಲ "ಅಲ್ಲಲ್ಲ, ಹಾಗಲ್ಲ!" ಎಂದು ಇವರೇ ಕೈ ಹಾಕುವುದು, ಬಂದವರು ಏನೋ ಕೆಲಸ ನೆನಪಾಯಿತೆಂದು ಏಳುವುದು. ಪೂರ್ತಿ ಆಡಿ ಮುಗಿಸಿದ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಷ್ಟ್ರಿಗೆ ಅದೊಂದೇ ಕೊರಗು.

"ಇವತ್ತು ನೀವು ತುಟಿ ಪಿಟಕ್ ಅಂದ್ರೆ ಈ ರಟ್ಟು ಸೀದಾ ಒಲೆಗೆ," ಎಂದಳು ಹೆಂಡತಿ. ಮೇಷ್ಟ್ರು ಗೋಣು ಆಡಿಸಿದರು. ಭಾನುವಾರ ಮಧ್ಯಾಹ್ನ ಅವಳು, ಎದುರು ಮನೆಯ ನರ್ಸಮ್ಮ, ಮೂಲೆಯಂಗಡಿಯ ಕ್ಷೌರಿಕ, ಮೂವರೂ ಅಡುಗೆಮನೆಯ ಮೇಜಿಗೆ ಆಡಲು ಕೂತರು; ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು, ಬರೀ ನೋಡಲು.

ನಿಯಮದ ಚೀಟಿಯನ್ನು ಕ್ಷೌರಿಕ ಅರ್ಧ ಓದಿ ಪಕ್ಕಕ್ಕಿಟ್ಟ. ಸ್ವಲ್ಪ ಹೊತ್ತಿಗೆ ಅವನ ಗುಂಡಿ ನರ್ಸಮ್ಮನ ಗುಂಡಿಯಿದ್ದ ಮನೆಗೇ ಹೋಗಿ ಬಿತ್ತು. ಗುದ್ದಿಸಿಕೊಂಡ ಗಾಡಿ ಮತ್ತೆ ಮೊದಲಿನಿಂದ ಹೊರಡಬೇಕು, ಮೇಷ್ಟ್ರ ನಿಯಮ ಅದು.

"ಗುದ್ದಿದ್ದು ನಾನು ಅಕ್ಕ. ನಿಮ್ಮ ಗಾಡೀನ ನಾನೇ ಎಳ್ಕೊಂಡು ಹೋಗ್ಬೇಕು. ನ್ಯಾಯ ಅಂದ್ರೆ ನ್ಯಾಯ," ಎಂದು ಅವನು ಎರಡೂ ಗುಂಡಿ ಸೇರಿಸಿ ತಳ್ಳಿದ.

ಮೇಷ್ಟ್ರ ಬಲಗಾಲು ಮೇಜಿನಡಿ ಇಲ್ಲದ ಬ್ರೇಕನ್ನು ಒತ್ತಿತು. ಬಾಯಿ ತೆರೆಯಿತು. ಹೆಂಡತಿ ಕಣ್ಣು ಕೆಕ್ಕರಿಸಿದಳು, ಬಾಯಿ ಮುಚ್ಚಿತು.

"ನಿಧಾನ ಕಣೋ, ನನ್ನ ಪ್ಯಾಸೆಂಜರಿಗೆ ಸೊಂಟ ನೋವು!" ನರ್ಸಮ್ಮ ಮಹಾರಾಣಿಯ ಹಾಗೆ ಅಪ್ಪಣೆ ಕೊಡತೊಡಗಿದರು. ಪುಕ್ಕಟೆ ಸವಾರಿ ಯಾರಿಗೆ ಬೇಡ? ಹೆಂಡತಿಯೂ ಬೇಕೆಂದೇ ಅವರ ದಾರಿಗೆ ಅಡ್ಡ ನಿಂತು ಗುದ್ದಿಸಿಕೊಂಡಳು.

"ಅಯ್ಯೋ, ನಾನೇನು ಕತ್ತೆನಾ?" ಎಂದು ಕ್ಷೌರಿಕ ಬಾಯಿ ಬಡಿದುಕೊಂಡ. ನಕ್ಕೂ ನಕ್ಕೂ ನರ್ಸಮ್ಮನಿಗೆ ಬಿಕ್ಕಳಿಕೆ ಹತ್ತಿತು.

ಮೇಷ್ಟ್ರಿಗೆ ಮೈಯೆಲ್ಲ ಉರಿ. ಆದರೆ ಯಾರೂ ಎದ್ದಿರಲಿಲ್ಲ. ಟೀ ಆರಿ ತಣ್ಣಗಾದರೂ ಅದರ ಗೊಡವೆ ಯಾರಿಗೂ ಇಲ್ಲ. ಸ್ಟೇಷನ್ ಮುಟ್ಟಿದ ಮೇಲಂತೂ ಎಳೆದವನು ಗೆದ್ದನೋ ಎಳೆಸಿಕೊಂಡವರು ಗೆದ್ದರೋ ಎಂದು ದೊಡ್ಡ ಜಗಳ. ತಮ್ಮ ಆಟಕ್ಕಾಗಿ ಜನ ಹೀಗೆ ಕಚ್ಚಾಡುವುದನ್ನು ಕಂಡು ಮೇಷ್ಟ್ರಿಗೆ ಉರಿ ಇಳಿದು ಖುಷಿ ಹತ್ತಿದ್ದೇ ಗೊತ್ತಾಗಲಿಲ್ಲ.

ಆಗ ಕ್ಷೌರಿಕನಿಗೆ ಚೀಟಿ ನೆನಪಾಯಿತು. "ಮೇಷ್ಟ್ರೇ, ಸರಿಯಾಗಿ ಆಡಿದ್ವಿ ತಾನೇ?"

ಹೆಂಡತಿ ಒಲೆಯ ಕಡೆ ನೋಡಿದಳು.

"ನೀವೆಲ್ಲ ಸರಿಯಾಗೇ ಆಡಿದ್ರಿ," ಎಂದರು ಮೇಷ್ಟ್ರು. "ಬರೆದೋನೇ ತಪ್ಪು ಬರೆದಿದ್ದ. ಇನ್ನೊಂದಾಟ ಹಾಕಿ, ನಂಗೂ ಒಂದು ಗುಂಡಿ ಕೊಡಿ."