ಸವೆಯದ ಮೂತಿ

ಹೆಂಡತಿ ತೀರಿಕೊಂಡ ಹದಿನಾಲ್ಕನೆಯ ದಿನ ನಾನು ಕೆಲಸಕ್ಕೆ ಹೋದೆ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಹೆರಿಗೆಯಾದ ಮೇಲೆ ಬಂದ ಜ್ವರ ಇಳಿಯಲಿಲ್ಲ. ಮಗುವೂ ಉಳಿಯಲಿಲ್ಲ. ಬಿಳಿಕೆರೆಯ ನಮ್ಮ ಮನೆಯಲ್ಲಿ ಅಷ್ಟು ದಿನವೂ ಬಂದವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಳಲಿಲ್ಲ. ಅಳು ತಡೆದುಕೊಂಡಿದ್ದೆ ಎಂದೇನೂ ಅಲ್ಲ, ಬರಲಿಲ್ಲ ಅಷ್ಟೆ. ಕೂತಲ್ಲಿ ಕೂತಿರುತ್ತಿದ್ದೆ, ಬಡಿಸಿದ್ದನ್ನು ಉಣ್ಣುತ್ತಿದ್ದೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಅವ್ವ "ಇಲ್ಲೇ ಕುಂತು ಏನ್ ಮಾಡೀಯಪ್ಪ, ಕೆಲ್ಸಕ್ಕೆ ಓಗು" ಎಂದಳು. ಎದ್ದು ಹುಣಸೂರಿನ ಬಸ್ಸು ಹತ್ತಿದೆ.

ಆಗ ಎಪ್ಪತ್ತರ ದಶಕದ ಮೊದಲ ವರ್ಷಗಳು. ಸುತ್ತಮುತ್ತ ನಾಲ್ಕು ತಾಲ್ಲೂಕಿನಲ್ಲೂ ಕಾಲುವೆ ಕೆಲಸ ನಡೆಯುತ್ತಿತ್ತು. ಹುಣಸೂರಿನಿಂದ ಸ್ವಲ್ಪ ಹೊರಗೆ ಒಬ್ಬ ಕಂಟ್ರಾಕ್ಟರರ ತಗಡಿನ ಶೆಡ್ಡು ಇತ್ತು. ಕಾಲುವೆಯ ತೂಬುಗಳಿಗೆ ಹಾಕುವ ಕಬ್ಬಿಣದ ಗೇಟುಗಳು ಅಲ್ಲಿಗೆ ಬರುತ್ತಿದ್ದವು. ಲಾರಿಯಲ್ಲಿ ಇಳಿಯುವಾಗಲೇ ಅವುಗಳಿಗೆ ತುಕ್ಕು ಹಿಡಿದಿರುತ್ತಿತ್ತು. ತುಕ್ಕಿನ ಮೇಲೆ ಬಣ್ಣ ಬಳಿದರೆ ಒಂದು ಮಳೆಗಾಲಕ್ಕೇ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಅದಕ್ಕೆ ಮೊದಲು ಗಾಳಿಯ ರಭಸದಲ್ಲಿ ಮರಳು ಹೊಡೆದು, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಬೇಕು. ಕಂಪ್ರೆಸರಿನಿಂದ ಗಾಳಿ, ದೊಡ್ಡ ಡ್ರಮ್ಮಿನಿಂದ ಮರಳು, ಎರಡೂ ಸೇರಿ ದಪ್ಪ ರಬ್ಬರ್ ಪೈಪಿನಲ್ಲಿ ಬಂದು ತುದಿಯ ನಾಝಲ್‌ನಿಂದ ಹೊರಗೆ ನುಗ್ಗುತ್ತವೆ. ಗೇಣಿಗಿಂತ ಚಿಕ್ಕದಾದ ಆ ನಾಝಲ್‌ಗೆ ನಮ್ಮ ಶೆಡ್ಡಿನಲ್ಲಿ ಎಲ್ಲರೂ ಮೂತಿ ಎನ್ನುತ್ತಿದ್ದರು. ಸಾಮಾನು, ಹತ್ಯಾರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಪೈಪು ಹಿಡಿಯುತ್ತಿದ್ದವನು ಕೋಟೆ ತಾಲ್ಲೂಕಿನ ಕಾಡಂಚಿನ ಆದಿವಾಸಿ ಹಾಡಿಯವನು. ನನಗಿಂತ ಹತ್ತು ವರ್ಷವಾದರೂ ದೊಡ್ಡವನು, ಸಣಕಲು ಆಳು. ವಯಸ್ಸಿನಲ್ಲಿ ಹಿರಿಯನಾದರೂ ನಾನು ಅವನನ್ನು ನೀನು ಎಂದೇ ಕರೆಯುತ್ತಿದ್ದೆ. ಅವನು ನನ್ನನ್ನು ಸಾಮಿ ಎನ್ನುತ್ತಿದ್ದ. ಆ ಕಾಲದಲ್ಲಿ ಅದು ನಮ್ಮಿಬ್ಬರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಅವನ ಹೆಂಡತಿ ಅದೇ ಶೆಡ್ಡಿನ ಹಿಂದೆ, ಹೊಳೆಯಿಂದ ಬಂದ ಮರಳನ್ನು ತಗಡಿನ ಮೇಲೆ ಒಣಗಿಸಿ ಜರಡಿ ಹಿಡಿಯುತ್ತಿದ್ದಳು. ಮರಳಲ್ಲಿ ಒಂದಿಷ್ಟು ಹಸಿ ಇದ್ದರೂ ಪೈಪು ಕಟ್ಟಿಕೊಳ್ಳುತ್ತಿತ್ತು.

ನಾನು ಹೋದ ದಿನ ಕಂಟ್ರಾಕ್ಟರರು ನನ್ನನ್ನು ನೋಡಿ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡು, "ಬಂದ್ಯಾ, ಒಳ್ಳೇದಾಯ್ತು" ಎಂದರು. ಆಮೇಲೆ ಮೇಜಿನ ಮೇಲಿದ್ದ ಸವೆದ ಮೂತಿಯೊಂದನ್ನು ನನ್ನ ಕಡೆ ಉರುಳಿಸಿದರು.

"ಇವು ಅರ್ಧ ದಿನಕ್ಕೂ ಬರ್ತಿಲ್ಲ ಕಣಯ್ಯ. ಗೇಟುಗಳು ಬಂದು ಬಂದು ರಾಶಿ ಬೀಳ್ತಾ ಇವೆ. ಬಾಳಿಕೆ ಬರೋಂಥ ಮೂತಿ ಯಾವ್ದು ಅಂತ ನೀನೇ ನೋಡಿ ಹೇಳು. ಎಲ್ಲಿಂದ ಬೇಕಾದ್ರೂ ತರ್ಸೋಣ."

ನನಗೆ ಯಾವುದಾದರೂ ಒಂದು ಕೆಲಸ ಕೊಡಬೇಕೆಂದೇ ಕೊಟ್ಟರೋ, ನಿಜವಾಗಿಯೂ ಬೇಕಾಗಿತ್ತೋ ಗೊತ್ತಿಲ್ಲ. ನಾನು ಆ ಮೂತಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ತೂತಿನಲ್ಲಿ ನೋಡಿದೆ. ಒಳಗೆಲ್ಲ ನುಣ್ಣಗೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಂದಿನ ಕೆಲವು ವಾರ ನಾನು ನೋಡಿದ್ದು ಹೆಚ್ಚುಕಡಿಮೆ ಅದೊಂದನ್ನೇ.

ಆಗ ನಾವು ಬಳಸುತ್ತಿದ್ದವು ಹುಣಸೂರಿನ ಲೇತಿನಲ್ಲಿ ಸಾದಾ ಕಬ್ಬಿಣದ ಸರಳಿನಿಂದ ಮಾಡಿಸಿದವು. ಹೊಸದರಲ್ಲಿ ತೂತು ಇಂಚಿನ ಹದಿನಾರರಲ್ಲಿ ಐದು ಭಾಗ ಇರುತ್ತಿತ್ತು. ನಾನು ಡ್ರಿಲ್ ಬಿಟ್ಟುಗಳ ಹಿಂಬದಿಯನ್ನೇ ಅಳತೆಗೋಲು ಮಾಡಿಕೊಂಡೆ. ಆರು ಭಾಗದ ಬಿಟ್ಟು ಸಲೀಸಾಗಿ ಒಳಗೆ ಹೋಯಿತು ಎಂದರೆ ಆ ಮೂತಿ ಮುಗಿದಂತೆ. ತೂತು ದೊಡ್ಡದಾದ ಹಾಗೆ ಗಾಳಿ ಜಾಸ್ತಿ ಹೋಗುತ್ತದೆ. ಕಂಪ್ರೆಸರು ಏದುಸಿರು ಬಿಡುತ್ತದೆ. ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತದೆ. ಮರಳು ತುಕ್ಕನ್ನು ಕೀಳುವ ಬದಲು ಸುಮ್ಮನೆ ಅದರ ಮೇಲೆ ಸುರಿಯುತ್ತದೆ. ಆಗ ಅವನು ಪೈಪು ಕೆಳಗಿಟ್ಟು, ಮುಳ್ಳು ಮತ್ತೆ ಮೇಲೇರುವವರೆಗೆ ಹೊರಗೆ ಬಂದು ಕೂರುತ್ತಿದ್ದ. ದಿನಕ್ಕೆ ಎಷ್ಟೋ ಸಲ ಹೀಗಾಗುತ್ತಿತ್ತು. ಅದನ್ನೆಲ್ಲ ನಾನು ದಂಡವಾದ ಸಮಯವೆಂದು ಬರೆದುಕೊಂಡೆ.

ಆಮೇಲೆ ಬೆಂಗಳೂರಿನಿಂದ ಪಿಂಗಾಣಿಯ ಮೂತಿಗಳು ಬಂದವು. ಅವು ಕಬ್ಬಿಣಕ್ಕಿಂತ ವಾಸಿ, ಎರಡು ಮೂರು ದಿನ ಬಂದವು. ಆದರೆ ಒಂದು ಕೈಜಾರಿ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು. ಇನ್ನೊಂದು ತಿರುಗಿಸಿ ಬಿಗಿ ಮಾಡುವಾಗಲೇ ಬಿರುಕು ಬಿಟ್ಟಿತು. ಕೊನೆಗೆ ಬೊಂಬಾಯಿಯಿಂದ ಟಂಗ್‌ಸ್ಟನ್ ಕಾರ್ಬೈಡ್ ಎನ್ನುವ ಲೋಹದ್ದನ್ನು ತರಿಸಿದೆವು. ಹೊರಗೆ ಉಕ್ಕಿನ ಕವಚ, ಒಳಗೆ ಬೂದು ಬಣ್ಣದ ಕೊಳವೆ, ಅಂಗೈಯಲ್ಲಿಟ್ಟರೆ ಗಾತ್ರಕ್ಕೆ ಮೀರಿದ ಭಾರ. ಮೊದಲ ದಿನ ಸಂಜೆ ಬಿಟ್ಟು ತೂರಿಸಿ ನೋಡಿದೆ. ಎರಡನೆಯ ದಿನ ನೋಡಿದೆ. ವಾರ ಕಳೆದರೂ ಐದು ಭಾಗದ ಬಿಟ್ಟೇ ಬಿಗಿಯಾಗಿ ಕೂರುತ್ತಿತ್ತು. ತಿಂಗಳಾದರೂ ಅಷ್ಟೆ.

ಕಂಟ್ರಾಕ್ಟರರಿಗೆ ಬಹಳ ಖುಷಿಯಾಯಿತು. "ನೋಡು, ಮನಸ್ಸಿಟ್ಟು ಮಾಡಿದ್ರೆ ಹೆಂಗಿರುತ್ತೆ" ಎಂದು ನನ್ನ ಬೆನ್ನು ತಟ್ಟಿದರು. ನಾನು ಮನಸ್ಸಿಟ್ಟಿರಲಿಲ್ಲ. ಅಳತೆ ಮಾಡು ಎಂದಿದ್ದರು, ಮಾಡಿದ್ದೆ. ರಾಶಿ ಬಿದ್ದಿದ್ದ ಗೇಟುಗಳು ಕರಗತೊಡಗಿದವು. ಉಜ್ಜಿ, ಕೆಂಪು ಬಣ್ಣ ಬಳಿದು, ಪಿರಿಯಾಪಟ್ಟಣದ ಕಡೆಗೆ, ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಗೆ ಲಾರಿಗಳು ಹೊರಟವು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವನು ನನ್ನ ಸಾಮಾನು ಕೋಣೆಯ ಬಾಗಿಲಿಗೆ ಬಂದು ನಿಂತ. ತಲೆಗೆ ಹಾಕುತ್ತಿದ್ದ ಗೋಣಿಬಟ್ಟೆಯ ಮುಸುಕು ಕೈಯಲ್ಲಿತ್ತು. ಅದಕ್ಕೆ ಮುಂದೆ ಒಂದು ಗಾಜು ಹೊಲಿದಿದ್ದರು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು ಬಿಟ್ಟರೆ ಅವನಿಗಿದ್ದ ರಕ್ಷಣೆ ಅದೊಂದೇ. ರೆಪ್ಪೆಯ ಮೇಲೆಲ್ಲ ದೂಳು ಕೂತಿತ್ತು.

"ಸಾಮಿ, ಆ ಅಳೇ ಕಬ್ಬಿಣದ ಮೂತಿ ಒಂದೆಲ್ಡು ಇದ್ರೆ ಕೊಡಿ."

"ಯಾಕೆ? ಇದು ಚೆನ್ನಾಗಿಲ್ವಾ?"

"ಚೆಂದಾಗದೆ ಸಾಮಿ. ಸವೆಯಾದೇ ಇಲ್ಲ."

"ಮತ್ತೆ?"

ಅವನು ಮುಸುಕಿನ ಗಾಜನ್ನು ಬೆರಳಿನಿಂದ ಒರೆಸಿದ. "ಅದು ಸವೆದ್ರೆ ನಾವು ಆಚೀಕ್ ಬಂದು ಒಸಿ ಕುಂತ್ಕತಿದ್ದೊ. ಗಾಳಿ ಕುಡೀತಿದ್ದೊ. ಈಗ ವೊತ್ತಾರೆಯಿಂದ ಒಂದೇ ಸಮ ಒಡೀತಾನೇ ಇರ್ಬೇಕು ಕಣ್ ಸಾಮಿ. ನಿಲ್ಸಾಕೆ ನೆಪಾನೇ ಇಲ್ಲ."

ನನಗೆ ಅರ್ಥವಾಯಿತು. ಆದರೆ ಅರ್ಥವಾಗಿದ್ದು ನನಗೆ ತಟ್ಟಲಿಲ್ಲ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಗೋಡೆಯಾಚೆ ಮಾತಾಡಿದಂತೆ ಕೇಳುತ್ತಿತ್ತು. "ನೋಡೋಣ" ಎಂದೆ. ಅವನು ತಲೆಯಾಡಿಸಿ ಹೋದ. ನಾನು ಏನನ್ನೂ ನೋಡಲಿಲ್ಲ. ಎರಡು ತಿಂಗಳು ಹಾಗೆಯೇ ಕಳೆಯಿತು. ಹಳೆಯ ಮೂತಿಗಳು ಒಂದು ತಗಡಿನ ಡಬ್ಬದಲ್ಲಿ ನನ್ನ ಕಾಲ ಹತ್ತಿರವೇ ಇದ್ದವು.

ಆಮೇಲೆ ಒಂದು ದಿನ ಅವನು ಶೆಡ್ಡಿನೊಳಗೆ ಕುಸಿದ. ಪೈಪು ಕೈತಪ್ಪಿ ಹಾವಿನಂತೆ ಹೊರಳಾಡಿತು. ಗಾಳಿ ನಿಲ್ಲಿಸಿ ನಾವು ಅವನನ್ನು ಎತ್ತಿಕೊಂಡು ಹೊರಗೆ ತಂದೆವು. ಮುಸುಕು ತೆಗೆದಾಗ ತುಟಿ ನೀಲಿಯಾಗಿತ್ತು. ಕೆಮ್ಮು ಶುರುವಾಗಿ ಬಹಳ ಹೊತ್ತು ನಿಲ್ಲಲಿಲ್ಲ. ಅವನ ಹೆಂಡತಿ ಜರಡಿ ಬಿಟ್ಟು ಓಡಿಬಂದು ಅವನ ಬೆನ್ನು ನೀವುತ್ತಾ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ನಿಮ್ ಒಸಾ ಮೂತಿ ಬಂದ್ಮ್ಯಾಕೆ ಇಂಗಾಯ್ತು ಸಾಮಿ. ರಾತ್ರಿಯೆಲ್ಲ ಕೆಮ್ತಾನೆ. ಮೊದ್ಲೂ ಇತ್ತು, ಇಷ್ಟ್ ಇರ್ನಿಲ್ಲ."

ನಾನು ಒಳಗೆ ಹೋಗಿ ಕೂತೆ. ಕಾಲ ಬಳಿಯ ಡಬ್ಬ ತೆರೆದು ಸವೆದ ಮೂತಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಎಲ್ಲವೂ ನಿರುಪಯೋಗಿ. ಲೇತಿನವನಿಗೆ ಹೇಳಿ ಹೊಸದು ಮಾಡಿಸಿದರೂ ಕಂಟ್ರಾಕ್ಟರರು ಒಪ್ಪುತ್ತಿರಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಎದ್ದು ಅವರ ಹತ್ತಿರ ಹೋದೆ.

"ಸಾರ್, ಗಂಟೆಗೊಂದ್ಸಲ ಗಾಳಿ ನಿಲ್ಸಿ ಮೂತಿ ಬಿಚ್ಚಿ ನೋಡ್ಬೇಕು."

"ಸವೆಯಲ್ಲ ಅಂದೋನೇ ನೀನು! ಈಗ ಗಂಟೆಗೊಂದ್ಸಲ ನೋಡ್ಬೇಕು ಅಂತೀಯಲ್ಲ?"

"ಮೂತಿ ಸವೆಯಲ್ಲ ಸಾರ್. ಅದರ ಹಿಂದೆ ಇರೋ ರಬ್ಬರ್ ವಾಷರ್ ಸವೆಯುತ್ತೆ. ಅದು ಹೋದ್ರೆ ಮರಳು ಸಂದೀಲಿ ನುಗ್ಗಿ ತಿರುಪನ್ನೇ ತಿಂದುಬಿಡುತ್ತೆ. ಬೊಂಬಾಯಿ ಮೂತಿ ಪೂರ್ತಿ ಹಾಳಾಗುತ್ತೆ. ಬಿಚ್ಚಿದ ಮೇಲೆ ಒಂದು ಕಾಲು ಗಂಟೆ ಆರಲೂ ಬೇಕು."

ವಾಷರಿನ ಮಾತು ನಿಜ. ಆದರೆ ವಾಷರು ದಿನಕ್ಕೊಮ್ಮೆ ನೋಡಿದರೆ ಸಾಕಾಗಿತ್ತು. ಆರಬೇಕೆಂಬ ಮಾತು ಪೂರಾ ಸುಳ್ಳು. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಗೊತ್ತಾಯಿತೋ ಏನೋ. "ಸರಿ, ನೀನೇ ನಿಂತು ನೋಡು. ಇನ್ಯಾರ ಕೈಗೂ ಕೊಡ್ಬೇಡ" ಎಂದರು.

ನಾಲ್ಕು ದಿನ ಮಲಗಿದ್ದು ಅವನು ಮತ್ತೆ ಬಂದ. ಬರಬೇಡ ಎಂದು ಹೇಳುವವರು ಯಾರೂ ಇರಲಿಲ್ಲ, ನಾನೂ ಹೇಳಲಿಲ್ಲ. ಗಂಟೆಗೊಮ್ಮೆ ನಾನು ಹೋಗಿ ಕೈಯೆತ್ತುತ್ತಿದ್ದೆ. ಗಾಳಿ ನಿಲ್ಲುತ್ತಿತ್ತು. ನಾನು ಮೂತಿ ಬಿಚ್ಚಿ, ವಾಷರು ನೋಡಿ, ಮತ್ತೆ ಹಾಕದೆ ಕೈಯಲ್ಲೇ ಇಟ್ಟುಕೊಂಡು ಹೊರಗಿನ ಹೊಂಗೆಮರದ ಕೆಳಗೆ ಕೂರುತ್ತಿದ್ದೆ. ಅವನೂ ಬಂದು ಸ್ವಲ್ಪ ದೂರದಲ್ಲಿ ಕೂರುತ್ತಿದ್ದ. ಅವನ ಹೆಂಡತಿ ಚೊಂಬಿನಲ್ಲಿ ನೀರು ತಂದಿಟ್ಟು ಹೋಗುತ್ತಿದ್ದಳು. ಮೂರು ನಾಲ್ಕು ದಿನ ಹೀಗೇ ಕಳೆಯಿತು. ಆಮೇಲೊಂದು ದಿನ ಅವನೇ ಕೇಳಿದ.

"ಅಮ್ಮಾರು ಓಗಿ ಎಷ್ಟ್ ದಿನ ಆಯ್ತು ಸಾಮಿ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. "ಏಳು ತಿಂಗಳಾಯ್ತು" ಎಂದೆ.

"ಏನಾಗಿತ್ತು?"

ಹೇಳಿದೆ. ಜ್ವರ ಬಂದಿದ್ದು, ಎತ್ತಿನ ಗಾಡಿಯಲ್ಲಿ ರಸ್ತೆವರೆಗೆ ತಂದಿದ್ದು, ಬಸ್ಸಿಗೆ ಕಾದಿದ್ದು, ಬಸ್ಸಿನಲ್ಲಿ ಅವಳು ಕಿಟಕಿ ಮುಚ್ಚು ಎಂದಿದ್ದು. ಬೇರೆಯವರ ಮನೆಯ ಸುದ್ದಿಯಂತೆ ಹೇಳಿದೆ. ಅವನು ಅಯ್ಯೋ ಎನ್ನಲಿಲ್ಲ, ಸಮಾಧಾನ ಹೇಳಲಿಲ್ಲ. ಎಲ್ಲ ಕೇಳಿ, "ಕಿಟಕಿ ಮುಚ್ಚುದ್ರಾ?" ಎಂದಷ್ಟೇ ಕೇಳಿದ.

"ಮುಚ್ಚೋಕೆ ಬರ್ಲಿಲ್ಲ. ಸಿಕ್ಕಾಕ್ಕೊಂಡಿತ್ತು. ನನ್ನ ಟವಲ್ ಅಡ್ಡ ಹಿಡ್ಕೊಂಡೆ."

ಅವನು ತಲೆಯಾಡಿಸಿದ. ನಾನು ಮೂತಿ ತಿರುಗಿಸಿ ಹಾಕಿದೆ, ಅವನು ಮುಸುಕು ಹಾಕಿಕೊಂಡು ಒಳಗೆ ಹೋದ.

ಗಂಟೆಗೊಮ್ಮೆ ಕೂತರೂ ಅವನ ಕೆಮ್ಮು ಕಡಿಮೆಯಾಗಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ನಾನೇ ಅವನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಏನು ಕೆಲಸ ಎಂದು ಕೇಳಿದರು. ನಾನು ಹೇಳಿದೆ. "ಇದು ಕ್ಷಯ ಅಲ್ಲ, ಕಲ್ಲಿನ ದೂಳು. ಒಳಗೆ ಹೋಗಿದ್ದು ಆಚೆ ಬರಲ್ಲ. ಇವತ್ತೇ ಆ ಕೆಲಸ ಬಿಡಿಸಿ" ಎಂದರು. ಹಾಳೆಯಲ್ಲಿ ಅವನ ಎದೆಯ ತುಂಬ ಬಿಳಿ ಚುಕ್ಕೆಗಳಿದ್ದವು, ಜರಡಿ ಹಿಡಿದ ಮರಳು ಚೆಲ್ಲಿದಂತೆ. ನಾನು ಬಹಳ ಹೊತ್ತು ನೋಡಿದೆ. ಡಾಕ್ಟರು ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಬೇಕಾಯಿತು.

ಹುಣಸೂರಿಗೆ ವಾಪಸು ಬರುವ ಬಸ್ಸಿನಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ.

"ಬುಡಿ ಸಾಮಿ, ಬುಟ್ಬುಡ್ತೀನಿ" ಎಂದ. ಸ್ವಲ್ಪ ಹೊತ್ತಾದ ಮೇಲೆ, "ಮೂತಿ ಯಾವ್ದಾದ್ರೂ ಇಂಗೇ ಆಯ್ತಿತ್ತೇನೋ" ಎಂದ. ಅದು ನನಗಾಗಿ ಹೇಳಿದ ಮಾತು ಎಂದು ತಿಳಿಯಿತು.

ಗಂಡ ಹೆಂಡತಿ ಹಾಡಿಗೆ ಹೋದರು. ಅವನ ಜಾಗಕ್ಕೆ ಬೇರೊಬ್ಬನು ಬಂದ. ನಾನು ಗಂಟೆಗೊಮ್ಮೆ ಮೂತಿ ಬಿಚ್ಚುವುದನ್ನು ಬಿಡಲಿಲ್ಲ. ಜೊತೆಗೆ ಕಂಟ್ರಾಕ್ಟರರ ಬೆನ್ನು ಹತ್ತಿ, ಮುಸುಕಿನೊಳಗೆ ಶುದ್ಧ ಗಾಳಿ ಬಿಡುವ ಒಂದು ಕೊಳವೆಯನ್ನೂ ಹಾಕಿಸಿದೆ. ಅದನ್ನು ಮೊದಲೇ ಮಾಡಿಸಬಹುದಾಗಿತ್ತು. ಅಂಥದ್ದೇನೂ ಕಷ್ಟದ ಕೆಲಸವಾಗಿರಲಿಲ್ಲ. ಎರಡು ವರ್ಷದಲ್ಲಿ ಗೇಟುಗಳ ಕೆಲಸ ಮುಗಿದು ಶೆಡ್ಡು ಬಿಚ್ಚಿದರು. ನಾನು ಪಿರಿಯಾಪಟ್ಟಣದಲ್ಲಿ ಒಂದು ಪಂಪು ರಿಪೇರಿ ಅಂಗಡಿ ಸೇರಿದೆ.

ಅಲ್ಲಿಯ ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ಅವನ ಹೆಂಡತಿ ಸಿಕ್ಕಳು. ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಬಂದಿದ್ದಳು. ಅವಳೇ ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು.

"ಅವ್ನು ಓದ ಸಾಮಿ. ಓದ್ ಬ್ಯಾಸ್ಗೇಲಿ."

"ತುಂಬ ಕಷ್ಟಪಟ್ನಾ?"

"ಕೊನೇಲಿ ಮನಿಕಂಡ್ರೆ ಉಸ್ರು ಬತ್ತಿರ್ನಿಲ್ಲ. ಕುಂತ್ಕಂಡೇ ನಿದ್ದೆ ಮಾಡ್ತಿದ್ದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅದಕ್ಕೂ ಮುಂಚೆ ಒಂದಿನ, ಗೇಟ್ ನೋಡ್ಬೇಕು ಕಣೆ, ನಡಿ ಅಂದ. ಒಸ ಅಗ್ರಾರಕ್ ಕರ್ಕೊಂಡೋದೆ. ಕಾಲ್ವೆ ಏರಿ ಮ್ಯಾಲೆ ವೊತ್ತು ಮುಳುಗೋಗಂಟ ಕುಂತಿದ್ದ. ಇದ್ನ ನಾನೇ ಉಜ್ಜಿದ್ದು ಅಂತ ಅಲ್ಲಿ ಗೇಟು ಎತ್ತೋ ನೀರುಗಂಟಿಗೆ ಏಳ್ದ. ಅವ್ನು ನಂಬ್ನಿಲ್ಲ, ನಗಾಡ್ದ."

"ನೀರಿತ್ತಾ?"

"ತುಂಬ ಇತ್ತು ಸಾಮಿ. ಗೇಟು ಅರ್ಧ ಮುಳುಗಿತ್ತು."

ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಅವಳ ಜೊತೆಯ ಹೆಂಗಸರು ಕೂಗಿದರು. "ಬತ್ತೀನಿ ಸಾಮಿ, ಮೇಸ್ತ್ರಿ ಬಯ್ತಾನೆ" ಎಂದು ಅವಸರದಲ್ಲಿ ಹೋದಳು. ನಾನು ಅಂಗಡಿಗೆ ಹೋಗಿ ಬಾಗಿಲು ತೆಗೆದೆ. ಹಿಂದಿನ ದಿನ ಬಿಚ್ಚಿಟ್ಟಿದ್ದ ಪಂಪೊಂದಿತ್ತು. ಮಧ್ಯಾಹ್ನದೊಳಗೆ ಅದನ್ನು ಜೋಡಿಸಿ ಮುಗಿಸಿದೆ. ಆ ಭಾನುವಾರ ಹೊಸ ಅಗ್ರಹಾರಕ್ಕೆ ಹೋಗಿ ಬರಬೇಕೆಂದುಕೊಂಡೆ. ಹೋಗಲಿಲ್ಲ. ಅದರ ಮುಂದಿನ ಭಾನುವಾರ ಹೋದೆ. ಕಾಲುವೆಯಲ್ಲಿ ಅಂದು ನೀರು ಬಿಟ್ಟಿರಲಿಲ್ಲ. ಒಣಗಿದ ಕಾಲುವೆಯೊಳಗೆ ಇಳಿದು ಗೇಟನ್ನು ಕೈಯಿಂದ ಸವರಿ ನೋಡಿದೆ. ಬಣ್ಣ ಎಲ್ಲೂ ಎದ್ದಿರಲಿಲ್ಲ. ಏರಿಯ ಮೇಲೆ ಯಾರೂ ಇರಲಿಲ್ಲ, ನೀರುಗಂಟಿಯೂ ಇರಲಿಲ್ಲ. ಇದ್ದಿದ್ದರೆ, ಅಂದು ಬಂದವನು ಹೇಳಿದ್ದು ನಿಜ ಎಂದು ಹೇಳುತ್ತಿದ್ದೆ.