ಏಳಡಿಯವರ ಅಂಗಿ

"ಎತ್ತರ ಎಷ್ಟು?" ಎಂದು ಡಾಕ್ಟರು ಕೇಳಿದರು.

"ಏಳಡಿ," ಎಂದರು ಏಳಡಿಯವರು.

ನಲವತ್ತು ವರ್ಷ ಅದೊಂದೇ ಉತ್ತರ ಹೇಳಿ ಹೇಳಿ ಆ ಮಾತಿಗೆ ಹಿತ್ತಾಳೆಯ ಹಿಡಿಯ ಹೊಳಪು ಬಂದಿತ್ತು. ಈ ಸಲ ಮಾತ್ರ ಅವರು ಅದನ್ನು ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿ ಹೇಳಿದ್ದರು. ಪಾದಗಳೆರಡೂ ಮಂಚದಾಚೆ ಚಾಚಿಕೊಂಡಿದ್ದವು. ಡಾಕ್ಟರು ಆಗಷ್ಟೇ ಅವರ ಕಾಲಿನ ಹೆಬ್ಬೆರಳು ಚಿವುಟಿದ್ದು ಅವರಿಗೆ ತಿಳಿದಿರಲಿಲ್ಲ.

"ನೋಡಿ ಸರ್, ಬೆನ್ನಿನ ಮೂಳೆಗಳು ಜಜ್ಜಿಹೋಗಿವೆ. ಚಿತ್ರದಲ್ಲಿ ಅದು ಕಾಣುತ್ತೆ. ಯಾವಾಗಿನಿಂದ ಅನ್ನೋದು ಗಟ್ಟಿಯಾಗಿ ಹೇಳೋಕೆ ಬರಲ್ಲ. ಈಚೆಗೆ ಒಂದೇ ಸಲ ಕುಸಿದಿದ್ರೆ ಆಪರೇಷನ್ ಮಾಡಿ ಕಾಲು ಉಳಿಸೋಕೆ ನೋಡಬಹುದು. ವರ್ಷಗಟ್ಟಲೆ ಕುಸೀತಾ ಬಂದಿದ್ರೆ ನರ ಆಗಲೇ ಸೋತಿರುತ್ತೆ. ಆಗ ಕತ್ತಿ ಹಾಕಿದ್ರೆ ನಿಮಗೆ ತೊಂದರೆಯೇ ಜಾಸ್ತಿ. ಅದಕ್ಕೇ ಕೇಳ್ತಿದೀನಿ. ಎತ್ತರ ಕಮ್ಮಿ ಆಗಿದ್ದು ಯಾವಾಗಿಂದ?"

"ಕಮ್ಮಿ?" ಏಳಡಿಯವರು ಛಾವಣಿಯನ್ನೇ ಗದರಿಸಿದರು. "ನಾನ್ಯಾಕ್ರೀ ಕಮ್ಮಿ ಆಗ್ಲಿ?"

ಗೋಡೆಯ ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ ಕೈಚೀಲವನ್ನು ಹೊಟ್ಟೆಗವುಚಿಕೊಂಡು ಕೂತಿದ್ದರು. ಚೀಲದೊಳಗೆ ಅಳತೆಯ ಪುಸ್ತಕವಿತ್ತು. ಡಾಕ್ಟರು ಕೇಳಿದ ಪ್ರಶ್ನೆಗೆ ತಾರೀಖು ಸಮೇತ ಉತ್ತರ ಅದರಲ್ಲಿತ್ತು.

ಸತ್ಯ ಹೇಳಬೇಕೆಂದರೆ ಏಳಡಿಯವರು ಎಂದೂ ಏಳಡಿ ಇರಲಿಲ್ಲ. ಬಾಸ್ಕೆಟ್‌ಬಾಲ್ ತಂಡಕ್ಕೆ ಅವರನ್ನು ಸೆಂಟರ್ ಆಟಗಾರನಾಗಿ ತೆಗೆದುಕೊಂಡ ದಿನ ಮ್ಯಾನೇಜರು ಅಳೆದಾಗ ಬಂದದ್ದು ಆರಡಿ ಹತ್ತೂವರೆ ಇಂಚು. ಮ್ಯಾನೇಜರು ಮುಖ ಹಿಂಡಿದ್ದರು. "ಆರಡಿ ಹತ್ತೂವರೆ ಅಂದ್ರೆ ಕಿಟಕಿಯ ಅಳತೆ ಹೇಳಿದ ಹಾಗಿರುತ್ತೆ ಕಣಯ್ಯಾ. ಏಳಡಿ ಅನ್ನು, ಎದುರಾಳಿಗೆ ಮೊದಲೇ ಹೊಟ್ಟೆನೋವು ಬರುತ್ತೆ." ಹಾಗೆ ಒಂದೂವರೆ ಇಂಚು ಕಾಗದದ ಮೇಲೆ ಬೆಳೆಯಿತು. ಜನ ಕೂಗಿದ್ದೂ ಅದನ್ನೇ, ಅಡ್ಡಹೆಸರಾಗಿ ಉಳಿದದ್ದೂ ಅದೇ. ನಿಜವಾದ ಹೆಸರನ್ನು ಬ್ಯಾಂಕಿನವರು ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ.

ಹನ್ನೊಂದು ವರ್ಷ ಅವರು ಆಡಿದರು. ಆಡಿದರು ಎನ್ನುವುದಕ್ಕಿಂತ ನಿಂತರು ಎನ್ನುವುದೇ ಸರಿ. ಚೆಂಡು ಹಿಡಿದು ಓಡಾಡಿ ಚಪ್ಪಾಳೆ ಗಿಟ್ಟಿಸುವವರು ಬೇರೆ. ಸೆಂಟರ್ ಬುಟ್ಟಿಯ ಕೆಳಗೆ ನಿಲ್ಲಬೇಕು, ಮೈಮೇಲೆ ಬಿದ್ದವರನ್ನು ತಡೆಯಬೇಕು, ಪಕ್ಕೆಲುಬಿಗೆ ಮೊಣಕೈ ತಿಂದೂ ಜಾಗ ಬಿಡಬಾರದು. "ನಾನು ನಿಂತೆ ಅಂದ್ರೆ ನಿಂತೆ. ಲಾರಿ ಬಂದ್ರೂ ಸುತ್ತಿಕೊಂಡು ಹೋಗಬೇಕು," ಎಂದು ಅವರು ಮದುವೆಮನೆಗಳಲ್ಲಿ ಹೇಳುವುದಿತ್ತು. ಎರಡು ಬೆರಳು ಮುರಿದಿದ್ದವು, ಮೂಗು ಎಡಕ್ಕೆ ವಾಲಿತ್ತು. ಮಂಡಿ ಊದಿದಾಗಲೆಲ್ಲ ತಂಡದ ಡಾಕ್ಟರು ಒಂದು ಬಿಳಿ ಮಾತ್ರೆ ಕೊಡುತ್ತಿದ್ದರು. ಮಾತ್ರೆ ನುಂಗಿದರೆ ಊತ ಇಳಿಯುತ್ತಿತ್ತು, ಒಳಗೊಳಗೇ ಮೂಳೆಯೂ ಸವೆಯುತ್ತಿತ್ತು. ಊಟಕ್ಕೆ ಮೊದಲೋ ಆಮೇಲೋ ಎಂಬುದೊಂದನ್ನು ಬಿಟ್ಟು ಆ ಮಾತ್ರೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಹೆಂಡತಿ ಸಿಕ್ಕಿದ್ದೂ ಆ ತಂಡದಲ್ಲೇ. ಆಟಗಾರರ ಬಟ್ಟೆ ಹೊಲಿಯುವ ಕೋಣೆಯಲ್ಲಿ ಆಕೆ ದರ್ಜಿ. ಮೊದಲ ದಿನ ಸ್ಟೂಲು ಹತ್ತಿ ಭುಜ ಅಳೆದವಳು, ಕುತೂಹಲ ತಡೆಯಲಾರದೆ ಟೇಪಿನ ತುದಿಯನ್ನು ನೆತ್ತಿಯಿಂದ ಹಿಮ್ಮಡಿಯವರೆಗೂ ಬಿಟ್ಟು ನೋಡಿದ್ದಳು. ಆರಡಿ ಹತ್ತೂವರೆ. ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು, ಬಾಯಲ್ಲಿ ಆಡಲಿಲ್ಲ. ಅಂಥ ಗಂಡಸು ಒಂದೂವರೆ ಇಂಚಿಗಾಗಿ ಸುಳ್ಳು ಹೇಳುವುದು ಅವಳಿಗೆ ಮುದ್ದಾಗಿ ಕಂಡಿರಬೇಕು. ಮದುವೆಯಾದ ಮೇಲೂ ಆಡಲಿಲ್ಲ. ಅವರ ಅಳತೆಯ ಅಂಗಿ ಯಾವ ಅಂಗಡಿಯಲ್ಲೂ ಸಿಗದ ಕಾರಣ ಅಂದಿನಿಂದ ಒಂದೊಂದು ಅಂಗಿಯನ್ನೂ ಆಕೆಯೇ ಹೊಲಿದರು.

ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಏಳಡಿಯವರು ಒಂದು ದೀಪದ ಅಂಗಡಿ ಸೇರಿದರು. ಛಾವಣಿಗೆ ತೂಗುಹಾಕಿದ ದೀಪಗಳನ್ನು ಏಣಿಯಿಲ್ಲದೆ ಇಳಿಸಿ ಗಿರಾಕಿಗೆ ತೋರಿಸುವುದು ಅವರ ಕೆಲಸ. ಜನ ದೀಪ ನೋಡುವುದಕ್ಕಿಂತ ಹೆಚ್ಚಾಗಿ ಇವರನ್ನು ನೋಡುತ್ತಿದ್ದರು. ಇವರೂ ಜನ ನೋಡಲಿ ಎಂದೇ ಕೈಯನ್ನು ಬೇಕಾದದ್ದಕ್ಕಿಂತ ನಿಧಾನವಾಗಿ ಎತ್ತುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಒಂದು ದಿನ ಮನೆಗೆ ಬಂದವರೇ ಸಿಡುಕಿದರು. "ಮಾಲೀಕ ಕೊಕ್ಕೆಗಳನ್ನೆಲ್ಲ ಮೇಲಕ್ಕೆ ಹೊಡೆಸಿದ್ದಾನೆ ಕಣೆ. ನನಗೊಂದು ಮಾತು ಹೇಳೋದು ಬೇಡ್ವಾ?"

"ಹೌದೇನ್ರೀ?" ಎಂದರು ಹೆಂಡತಿ. ಆ ವಾರವೇ ಅವರ ಹಳೆಯ ಅಂಗಿಯೊಂದು ಕುಂಡೆಯಿಂದ ಕೆಳಗೆ ಇಳಿದು ಜೋಲುತ್ತಿರುವುದನ್ನು ಆಕೆ ನೋಡಿದ್ದರು.

"ಈ ಅಂಗಿ ನೋಡು. ಈಗಿನ ಬಟ್ಟೆನೇ ಹೀಗೆ, ಒಗೆದ ಹಾಗೆ ಹಿಗ್ಗುತ್ತೆ."

"ಹಿಗ್ಗಿರಬೇಕು," ಎಂದರು ಆಕೆ. ಅವರು ಅಂಗಡಿಗೆ ಹೋದ ಮೇಲೆ ಅಂಗಿಯ ಕೆಳಗಿನ ಅಂಚು ಬಿಚ್ಚಿ ಅರ್ಧ ಇಂಚು ಕತ್ತರಿಸಿ ಮತ್ತೆ ಹೊಲಿದರು. ಕಪಾಟಿನ ಎಲ್ಲ ಅಂಗಿಗಳಿಗೂ ಹಾಗೇ ಮಾಡಿದರು. ಐದು ತಿಂಗಳ ನಂತರ ಇನ್ನರ್ಧ ಇಂಚು. ಹೀಗೆ ಹತ್ತು ಸಲ. ದರ್ಜಿಯ ಅಭ್ಯಾಸ ನೋಡಿ, ಪ್ರತಿ ಸಲ ಪುಸ್ತಕದಲ್ಲಿ ತಾರೀಖು ಹಾಕಿದರು. ಗಂಡನಿಗೆ ಮಾತ್ರ ಹೇಳಲಿಲ್ಲ. ಅಂಗಿ ಸರಿಯಾಗಿ ಕೂತಿದ್ದರಿಂದ ತಾನೂ ಸರಿಯಾಗಿದ್ದೇನೆ ಎಂದು ಅವರು ಕನ್ನಡಿಯ ಮುಂದೆ ಎದೆ ಸೆಟೆಸಿ ಹೋಗುತ್ತಿದ್ದರು. ಆ ಎದೆಯನ್ನು ನೋಡಿ ಬಾಯಿ ಬಿಡಲು ಆಕೆಗೆ ಮನಸ್ಸಾಗಲಿಲ್ಲ.

ವರ್ಷಕ್ಕೊಮ್ಮೆ ಅಂಗಡಿಯವರಿಗೆಲ್ಲ ಆರೋಗ್ಯ ತಪಾಸಣೆ ಆಗುತ್ತಿತ್ತು. ಅಲ್ಲಿಯ ಅಳತೆಗೋಲು ಆರೂವರೆ ಅಡಿಗೇ ಮುಗಿಯುತ್ತಿದ್ದರಿಂದ ನರ್ಸಮ್ಮ ಬಾಯಿಮಾತಿನ ಮೇಲೆ ಏಳಡಿ ಎಂದು ಬರೆದುಕೊಳ್ಳುತ್ತಿದ್ದಳು. ಕಳೆದ ವರ್ಷ ಮೊದಲ ಸಲ ಕೋಲಿನ ಪಟ್ಟಿ ಅವರ ನೆತ್ತಿಗೆ ತಾಗಿತು. ಕೋಲೇ ಕೆಟ್ಟಿದೆ ಎಂದುಕೊಂಡು ನರ್ಸಮ್ಮ ಏಳಡಿ ಎಂದೇ ಬರೆದಳು.

"ಅಮ್ಮಾ, ನಿಮಗೇನಾದ್ರೂ ಗೊತ್ತಾ?" ಡಾಕ್ಟರು ಈಗ ಆಕೆಯ ಕಡೆ ತಿರುಗಿದ್ದರು. "ನಾಳೆ ಬೆಳಿಗ್ಗೆಗೆ ನಾನು ತೀರ್ಮಾನ ಮಾಡಬೇಕು."

"ಅವಳಿಗೇನು ಗೊತ್ತು? ಅವಳಿಗೆ ಹೊಲಿಗೆ ಗೊತ್ತು," ಎಂದರು ಏಳಡಿಯವರು.

ಆಕೆ ಚೀಲದ ಬಾಯಿ ತೆರೆದು ಮುಚ್ಚಿದರು. ಸುಮ್ಮನಿದ್ದರೆ ಬೆನ್ನು ಈಚೆಗೆ ಕುಸಿದದ್ದೆಂದು ನಂಬಿ ನಾಳೆ ಆಪರೇಷನ್ ಮಾಡುತ್ತಾರೆ. ತಾನು ಬಾಯಿ ಮುಚ್ಚಿಕೊಂಡಿದ್ದದ್ದು ಯಾರಿಗೂ ತಿಳಿಯುವುದಿಲ್ಲ. ಎರಡನೆಯ ಸಲ ತೆರೆದಾಗ ಪುಸ್ತಕ ಹೊರಗೆ ಬಂತು.

"ನಾಲ್ಕು ವರ್ಷದಿಂದ ಡಾಕ್ಟ್ರೇ. ಹತ್ತು ಸಲ. ಒಟ್ಟು ಐದು ಇಂಚು."

ಡಾಕ್ಟರು ಹಾಳೆ ತಿರುವಿದರು. "ಪ್ಯಾಂಟೂ ಚಿಕ್ಕದು ಮಾಡಿದ್ರಾ?"

"ಇಲ್ಲ. ಕಾಲಿನ ಅಳತೆ ಹಾಗೇ ಇದೆ. ಬೆನ್ನು ಮಾತ್ರ."

ಡಾಕ್ಟರು ಪೆನ್ನು ಕೆಳಗಿಟ್ಟರು. ಎಷ್ಟೋ ದೊಡ್ಡ ಯಂತ್ರ ಹೇಳಲಾರದ್ದನ್ನು ಒಬ್ಬ ದರ್ಜಿ ಹೇಳಿ ಮುಗಿಸಿದ್ದರು. ಕೋಣೆಯಲ್ಲಿ ಯಾರೂ ಅದಕ್ಕೆ ಆಕೆಯನ್ನು ಹೊಗಳಲಿಲ್ಲ.

"ಮೊದಲ ಇಂಚಿಗೇ ಬಂದಿದ್ರೆ...?" ಆಕೆಯೇ ಕೇಳಿದರು.

"ಮೂಳೆಗೆ ಔಷಧಿ ಕೊಡ್ತಿದ್ವಿ. ನಡೀತಿದ್ರೇನೋ." ಸುಳ್ಳು ಹೇಳುವ ಅಭ್ಯಾಸ ಆ ಡಾಕ್ಟರಿಗಿರಲಿಲ್ಲ. "ಈಗ ಆಪರೇಷನ್ ಬೇಡ."

ಡಾಕ್ಟರು ಹೊರಗೆ ಹೋದರು. ಏಳಡಿಯವರು ಛಾವಣಿ ನೋಡಿದರು. ಅಲ್ಲಿ ಒಂದು ಸಾಧಾರಣ ಟ್ಯೂಬ್‌ಲೈಟು ಇತ್ತು.

"ನಾಲ್ಕು ವರ್ಷ ಕತ್ತರಿ ಆಡಿಸಿದ್ಯಲ್ಲೇ."

"ನೀವೇ ಬಟ್ಟೆ ಹಿಗ್ಗಿದೆ ಅಂದ್ರಿ."

"ನಾನು ನೂರು ಅಂತೀನಿ. ನಾನು ಏಳಡಿ ಅಂತಾನೂ ಅಂತಿದ್ದೆ. ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಆರಡಿ ಹತ್ತೂವರೆ. ಮೊದಲ ದಿನದಿಂದ."

ಅವರ ವಾಲಿದ ಮೂಗಿನ ಪಕ್ಕದಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಲು ಆಕೆ ಎದ್ದರು. ಅವರು ಮುಖ ಆಚೆಯ ಗೋಡೆಗೆ ತಿರುಗಿಸಿದರು. ಆಕೆ ಮತ್ತೆ ಕೂತರು. ಅದಾದ ಮೇಲೆ ಇಬ್ಬರೂ ಆ ಅಂಗಿಗಳ ಮಾತೆತ್ತಲಿಲ್ಲ. ಮನೆಯಲ್ಲಿ ಹೊಲಿಗೆಯ ಯಂತ್ರಕ್ಕೆ ಹೊದಿಸಿದ ಬಟ್ಟೆಯನ್ನು ಆಕೆ ತೆಗೆಯಲೂ ಇಲ್ಲ.

ಮೂರು ವಾರದ ನಂತರ ಗಾಲಿಕುರ್ಚಿ ಮಾಡಿಕೊಡುವವನು ಮನೆಗೆ ಬಂದ. ಇವರನ್ನು ಎಂದೂ ಕಂಡು ಕೇಳಿದವನಲ್ಲ. ಹಾಸಿಗೆಯ ಪಕ್ಕ ಕೂತು ನಮೂನೆ ತುಂಬಿಸುತ್ತ, "ಎತ್ತರ ಎಷ್ಟು ಸರ್?" ಎಂದ.

ಏಳಡಿಯವರು ಹೆಂಡತಿಯನ್ನು ನೋಡಿದರು.

"ಆರಡಿ ಐದೂವರೆ," ಎಂದರು ಅವರು.

"ಅಬ್ಬಾ!" ಆತನ ಪೆನ್ನು ನಿಂತಿತು. "ಅಷ್ಟುದ್ದ ಇದೀರಾ? ಏನಾದ್ರೂ ಆಟ ಆಡ್ತಿದ್ರಾ ಸರ್?"

"ನಿಂತ್ಕೋತಿದ್ದೆ," ಎಂದರು ಏಳಡಿಯವರು.

ಆತನಿಗೆ ಅರ್ಥವಾಗಲಿಲ್ಲ. ಕಾಲಿಡುವ ಹಲಗೆ ಎಲ್ಲರದ್ದಕ್ಕಿಂತ ಉದ್ದ ಬೇಕಾಗುತ್ತದೆ ಎಂದು ಬರೆದುಕೊಂಡು, ಅವರ ಮಂಡಿಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದ.