ತಂಗಡಗಿಯಲ್ಲಿ ಕಂಡ ಚಿಪ್

ಇಂಡಿಯಿಂದ ಬೆಳಗಿನ ಸಿಂದಗಿ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದ ಪೆಟ್ಟಿಗೆ ಇತ್ತು. ಪಕ್ಕದಲ್ಲಿ ಜೈಬು ಖಾಲಾ, ನನ್ನ ತಾಯಿಯ ಅಕ್ಕ. ಹೆಂಗಸರಿಗೆ ಬಸ್ಸು ಪುಕ್ಕಟೆ. "ಪೆಟ್ಟಿಗ್ಯಾಗ ಏನೈತ್ರಿ?" ಎಂದು ಕಂಡಕ್ಟರು ಕೇಳಿದರೆ ಖಾಲಾ, "ಗೆಳತಿಗಿ ಒಂದ ಸಾಮಾನ ತೋರಿಸಾಕ ಹೊಂಟೇವ್ರಿ," ಎಂದಳು.

ಆ ಸಾಮಾನು ಅವಳ ಪರ್ಸಿನಲ್ಲಿತ್ತು: ಶರ್ಟಿನ ಗುಂಡಿಯಷ್ಟಗಲದ, ಮುಚ್ಚಳ ತೆಗೆದ ಲೋಹದ ಡಬ್ಬಿ, ಒಳಗೆ ಸಾಸಿವೆಯಷ್ಟು ಸಿಲಿಕಾನ್ ಚಿಪ್. ಹರೆಯದಲ್ಲಿ ಖಾಲಾ ಮತ್ತು ತಂಗಡಗಿಯ ನೀಲಮ್ಮ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಜೊತೆಗೆ ದುಡಿದವರು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕಾಲ ಅದಲ್ಲ. ಚಿಪ್ಪಿನ ನಕ್ಷೆಯನ್ನು ಮೇಜಿನಷ್ಟು ದೊಡ್ಡದಾಗಿ ಕೆಂಪು ಹಾಳೆಯ ಮೇಲೆ ಚೂರಿಯಿಂದ ಕೊರೆದು, ಬೇಡದ ಕೆಂಪು ಪದರವನ್ನು ಸುಲಿಯಬೇಕಿತ್ತು. ಅದರ ಫೋಟೋ ತೆಗೆದು, ಕುಗ್ಗಿಸುತ್ತ ಕುಗ್ಗಿಸುತ್ತ, ಬೆಳಕಿನಿಂದ ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸುತ್ತಿದ್ದರು. ಈ ಚಿಪ್ಪಿನ ನಕ್ಷೆಯ ಎಡಭಾಗ ನೀಲಮ್ಮ, ಬಲಭಾಗ ಖಾಲಾ ಕೊರೆದಿದ್ದರು. ತಾವು ಕೊರೆದದ್ದು ಚಿಪ್ಪಿನಲ್ಲಿ ಹೇಗೆ ಕಾಣುತ್ತದೆಂದು ಇಬ್ಬರೂ ನೋಡಿರಲಿಲ್ಲ. ನಮ್ಮ ಲ್ಯಾಬಿನಲ್ಲೇ ನೋಡು ಎಂದರೆ ಖಾಲಾ ಒಪ್ಪಿರಲಿಲ್ಲ: "ನೀಲಾನ ಕಣ್ಣ ಹೊಂಟಾವ. ಮೊದಲ ಆಕಿ ನೋಡ್ಲಿ."

ಸಿಂದಗಿಯಲ್ಲಿ ಮಿರ್ಚಿ ಭಜಿ ತಿಂದು ಬಸ್ಸು ಬದಲಿಸಿದೆವು. ತಾಳಿಕೋಟೆ ದಾಟಿದ ಮೇಲೆ ಬಿಸಿಲು ಏರಿತು. ಎರಡೂ ಬದಿಗೆ ತೊಗರಿ ಕೊಯ್ಲಿಗೆ ಬಂದಿತ್ತು. ಮುದ್ದೇಬಿಹಾಳದಿಂದ ಟಂಟಂ ಆಟೋ ಹಿಡಿದು ತಂಗಡಗಿ ಮುಟ್ಟುವಷ್ಟರಲ್ಲಿ ಊಟದ ಹೊತ್ತು.

ನೀಲಮ್ಮ ತಮ್ಮನ ಮನೆಯ ಬಾಗಿಲಲ್ಲೇ ನಿಂತಿದ್ದರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಮಬ್ಬು. ಖಾಲಾಳ ತೋಳು ತಡವಿ, "ಜೈಬೂ, ದಪ್ಪ ಆಗಿಯಲ್ಲ!" ಎಂದರು. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಯ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಸೂಕ್ಷ್ಮದರ್ಶಕ ಇಟ್ಟು, ಚಿಪ್ಪಿನ ಮೇಲೆ ಓರೆಯಾಗಿ ಟಾರ್ಚ್ ಹಿಡಿದೆ.

"ಏನೂ ಕಾಣವಲ್ದವಾ," ಎಂದರು ನೀಲಮ್ಮ. ಖಾಲಾ ಮುಖ ತಿರುಗಿಸಿಕೊಂಡಳು. ನಾನು ಟಾರ್ಚನ್ನು ಅತ್ತಿತ್ತ ಹೊರಳಿಸುತ್ತಲೇ ಇದ್ದೆ. ತಟ್ಟನೆ ನೀಲಮ್ಮ ನನ್ನ ಮಣಿಕಟ್ಟು ಹಿಡಿದರು.

"ತಡಿ, ಅಲ್ಲೇ ಹಿಡಿ. ಹೊಳಿಯಾಕತ್ತೈತಿ... ಗೆರಿ ನೋಡ, ಊರಾಗಿನ ಓಣಿ ಇದ್ದಂಗ! ಜೈಬೂ, ನಿನ್ನ ಕಡೆ ಒಂದ ಮೂಲಿ ಸೊಟ್ಟ ಐತಿ."

"ಸುಳ್ಳ!" ಎಂದು ಖಾಲಾ ಕಣ್ಣಿಟ್ಟಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. "ಖರೇನ ಸೊಟ್ಟ ಐತಿ," ಎಂದು ನಕ್ಕಳು.

ಉಳಿದ ಕಣ್ಣಿನ ಆಪರೇಷನ್ನಿಗೆ ನೀಲಮ್ಮ ಹೆದರಿ ಮುಂದೂಡುತ್ತಿದ್ದಾರೆಂದು ಅವರ ತಮ್ಮ ಹೇಳಿದಾಗ ಖಾಲಾ ನನ್ನತ್ತ ತಿರುಗಿ, "ನೀ ಹೋಗವಾ, ನಾ ಇಲ್ಲೇ ಇರ್ತೇನಿ," ಎಂದಳು. ಸೂಕ್ಷ್ಮದರ್ಶಕದ ಮುಂದೆ ಇಬ್ಬರೂ ಮತ್ತೆ ತಲೆ ಕೂಡಿಸಿದ್ದರು. ಅದನ್ನು ವಾಪಸ್ ಕೇಳಲು ಮನಸ್ಸಾಗದೆ ಅಲ್ಲೇ ಬಿಟ್ಟು ಹೊರಟೆ.

ಮರಳುವ ದಾರಿಯಲ್ಲಿ, ಬಸವನ ಬಾಗೇವಾಡಿಯಲ್ಲಿ ಒಬ್ಬಳೇ ಚಹಾ ಕುಡಿಯುತ್ತಿದ್ದಾಗ ಖಾಲಾಳ ಫೋನು ಬಂತು. "ನಾಳೆ ದವಾಖಾನಿಗಿ ಹೊಂಟೇವಿ. ಹೆದರ್ಯಾಳ, ಆದರ ಬರ್ತೇನಿ ಅಂದಾಳ."

ಹಿಂದಿನಿಂದ ನೀಲಮ್ಮನ ಕೂಗು ಕೇಳಿಸಿತು: "ನಾ ಎಲ್ಲಿ ಹೆದರೇನಿ!"